ಜಗುಲಿಯಲ್ಲಿ ಹುಟ್ಟಿದ ಅಮೆಜಾನ್

'ಅಮೆಜಾನ್' ಎಂದರೇನು? ಹತ್ತನೆಯ ತರಗತಿಯ ಹುಡುಗನನ್ನು ಕೇಳಿದರೆ ದಕ್ಷಿಣ ಅಮೆರಿಕದ ಮಹಾನದಿ ಎಂದಾನು. ಅವನ ಅಕ್ಕನನ್ನು ಕೇಳಿದರೆ ಮನೆ ಬಾಗಿಲಿಗೆ ಸಾಮಾನು ಕಳಿಸಿಕೊಡುವ ಕಂಪನಿ ಎಂದಾಳು. ಇಬ್ಬರ ಉತ್ತರವೂ ಸರಿಯೇ. ಆದರೆ ಆ ಕಂಪನಿ ಸ್ಥಾಪನೆಯಾಗುವುದಕ್ಕೆ 24 ವರ್ಷ ಮೊದಲೇ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಇದೇ ಹೆಸರಿನ ಪುಸ್ತಕದಂಗಡಿಯೊಂದು ಬಾಗಿಲು ತೆರೆದಿತ್ತು. ಸ್ತ್ರೀಯರೇ ಸ್ಥಾಪಿಸಿ, ಸ್ತ್ರೀಯರೇ ನಡೆಸಿ, ಮುಖ್ಯವಾಗಿ ಸ್ತ್ರೀಯರು ಬರೆದ ಪುಸ್ತಕಗಳನ್ನು ಮಾರಿದ ಅಂಗಡಿ ಅದು. ಉತ್ತರ ಅಮೆರಿಕದ ಮೊಟ್ಟಮೊದಲ ಸ್ತ್ರೀವಾದಿ ಪುಸ್ತಕದಂಗಡಿಗಳಲ್ಲಿ ಒಂದೆಂದು ಅದರ ಹೆಸರು ಇತಿಹಾಸದಲ್ಲಿ ಉಳಿದಿದೆ.

ಅದು 1970ರಲ್ಲಿ ಹುಟ್ಟಿ 2012ರಲ್ಲಿ ಮುಚ್ಚಿತು. ಈ ನಡುವೆ ಅದು ನೂರಾರು ಲೇಖಕಿಯರಿಗೆ ಓದುಗರನ್ನು ದೊರಕಿಸಿತು, ತನ್ನಂಥ ಅನೇಕ ಅಂಗಡಿಗಳಿಗೆ ಮಾದರಿಯಾಯಿತು ಮತ್ತು ತನ್ನ ಹೆಸರನ್ನು ಉಳಿಸಿಕೊಳ್ಳಲು ಬಹು ದೊಡ್ಡ ಕಂಪನಿಯೊಂದರ ಎದುರು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಪುಸ್ತಕ ಓದುವವರೆಲ್ಲರೂ ತಿಳಿದಿರಬೇಕಾದ ಕಥೆ ಇದು.

ಹೆಸರು ಬಂದದ್ದೆಲ್ಲಿಂದ?

ಗ್ರೀಕ್ ಪುರಾಣಗಳಲ್ಲಿ ಅಮೆಜಾನ್ ಎಂಬುದು ಯೋಧ ಸ್ತ್ರೀಯರ ಒಂದು ಜನಾಂಗದ ಹೆಸರು. ಕುದುರೆ ಏರಿ, ಬಿಲ್ಲು ಹಿಡಿದು ಗಂಡಸರ ಸರಿಸಮನಾಗಿ ಕಾದುತ್ತಿದ್ದ ಈ ಸ್ತ್ರೀಯರ ಉಲ್ಲೇಖ ಹೋಮರನ 'ಇಲಿಯಡ್' ಕಾವ್ಯದಲ್ಲಿಯೂ ಇದೆ. ಬಹುಕಾಲ ಇದನ್ನು ಬರೀ ಕಟ್ಟುಕಥೆ ಎಂದೇ ವಿದ್ವಾಂಸರು ತಿಳಿದಿದ್ದರು. ಆದರೆ ಕಪ್ಪು ಸಮುದ್ರದ ಉತ್ತರಕ್ಕಿರುವ ಹುಲ್ಲುಗಾವಲುಗಳಲ್ಲಿ ಪುರಾತನ ಸಿಥಿಯನ್ನರ ಗೋರಿಗಳನ್ನು ಅಗೆದಾಗ ಬಾಣ, ಈಟಿಗಳ ಜೊತೆಯಲ್ಲಿ ಹೂಳಿದ್ದ ಅಸ್ಥಿಪಂಜರಗಳು ದೊರೆತವು. ಮೂಳೆಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಅನೇಕವು ಸ್ತ್ರೀಯರವೆಂದು ತಿಳಿದುಬಂತು. ಕಥೆಯ ಹಿಂದೆ ಒಂದಿಷ್ಟು ವಾಸ್ತವವೂ ಇತ್ತೆಂದಾಯಿತು.

ನದಿಗೆ ಈ ಹೆಸರು ಬಂದದ್ದೂ ಇದೇ ಸ್ತ್ರೀಯರಿಂದ. 1542ರಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ದೆ ಒರೆಯಾನ ಆ ನದಿಯುದ್ದಕ್ಕೂ ದೋಣಿಯಲ್ಲಿ ಸಾಗಿದಾಗ, ದಡದ ಮೇಲೆ ಸ್ತ್ರೀಯರು ತಮ್ಮೊಡನೆ ಯುದ್ಧ ಮಾಡಿದರೆಂದು ಅವನ ಜೊತೆಗಿದ್ದ ಪಾದ್ರಿ ಬರೆದಿಟ್ಟ. ಓದಿದ್ದ ಗ್ರೀಕ್ ಕಥೆ ನೆನಪಾಗಿ ನದಿಗೆ ಅಮೆಜಾನ್ ಎಂಬ ಹೆಸರು ನಿಂತಿತು.

ಮಿನಿಯಾಪೊಲಿಸ್‌ನ ಯುವತಿಯರು ಹೆಸರನ್ನು ಆರಿಸಿದ್ದು ನೇರವಾಗಿ ಆ ಯೋಧ ಸ್ತ್ರೀಯರಿಂದ. ಜೆಫ್ ಬೆಜೋಸ್ ಅದನ್ನು ಆರಿಸಿಕೊಂಡದ್ದು ನದಿಯಿಂದ. ಮೂಲ ಒಂದೇ ಆದರೂ ಹರಿದು ಬಂದ ದಾರಿಗಳು ಬೇರೆ. ಮುಂದೆ ಇವೆರಡೂ ಎದುರುಬದುರಾದವು.

ಅಂಥದೊಂದು ಅಂಗಡಿ ಏಕೆ ಬೇಕಾಯಿತು?

ಅಮೆರಿಕವೆಂದರೆ ಎಲ್ಲರಿಗೂ ಸಮಾನತೆ ಇರುವ ದೇಶ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. 1970ರ ಪರಿಸ್ಥಿತಿಯನ್ನು ನೋಡಿದರೆ ಚಿತ್ರ ಬೇರೆಯೇ ಆಗಿತ್ತು. ಪ್ರಸಿದ್ಧ ಯೇಲ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳು ತಮ್ಮ ಪದವಿ ತರಗತಿಗಳಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳತೊಡಗಿದ್ದೇ 1969ರಲ್ಲಿ. ಪತ್ರಿಕೆಗಳಲ್ಲಿ ಉದ್ಯೋಗದ ಜಾಹೀರಾತುಗಳು 'ಗಂಡಸರಿಗೆ', 'ಹೆಂಗಸರಿಗೆ' ಎಂದು ಬೇರೆ ಬೇರೆ ಕಾಲಂಗಳಲ್ಲಿ ಅಚ್ಚಾಗುತ್ತಿದ್ದವು. ಇದರ ವಿರುದ್ಧ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1973ರಲ್ಲಿ. ಸ್ತ್ರೀ ಎಂಬ ಕಾರಣಕ್ಕೆ ಅಥವಾ ವಿವಾಹಿತೆ ಎಂಬ ಕಾರಣಕ್ಕೆ ಸಾಲ ನಿರಾಕರಿಸುವುದನ್ನು ನಿಷೇಧಿಸುವ ಕಾನೂನು ಬಂದದ್ದು 1974ರಲ್ಲಿ. ಅಲ್ಲಿಯವರೆಗೆ ಸಂಬಳ ತರುವ ಸ್ತ್ರೀಗೂ ಬ್ಯಾಂಕಿನವರು ಗಂಡನ ರುಜು ತರಲು ಹೇಳಬಹುದಿತ್ತು.

ಇಂಥ ವಿಷಯಗಳನ್ನು ಪ್ರಶ್ನಿಸಿ, ಕಾನೂನಿನಲ್ಲಿ, ದುಡಿಮೆಯಲ್ಲಿ ಮತ್ತು ಮನೆಯಲ್ಲಿ ಸ್ತ್ರೀಗೆ ಸಮಾನ ಸ್ಥಾನವಿರಬೇಕೆಂದು ವಾದಿಸುವ ವಿಚಾರಧಾರೆಯೇ ಸ್ತ್ರೀವಾದ. ಆದರೆ ಅದನ್ನು ಕುರಿತು ಓದಬೇಕೆಂದರೆ ಪುಸ್ತಕ ಎಲ್ಲಿ ಸಿಗುತ್ತಿತ್ತು? ಸಾಮಾನ್ಯ ಅಂಗಡಿಯಲ್ಲಿ 'ಸ್ತ್ರೀಯರಿಗಾಗಿ' ಎಂದರೆ ಅಡುಗೆ, ಹೊಲಿಗೆ, ಶಿಶುಪಾಲನೆ ಇಷ್ಟೇ. ಅನೇಕ ಉತ್ತಮ ಲೇಖಕಿಯರ ಕೃತಿಗಳು ಒಮ್ಮೆ ಅಚ್ಚಾಗಿ ನಂತರ ಮರುಮುದ್ರಣವೇ ಆಗದೆ ಮರೆಯಾಗಿದ್ದವು.

ಒಂದು ಉದಾಹರಣೆ ನೋಡೋಣ. 1969ರಲ್ಲಿ ಬಾಸ್ಟನ್ ನಗರದ ಕೆಲವು ಸ್ತ್ರೀಯರು ತಮ್ಮ ಶರೀರ ಮತ್ತು ಆರೋಗ್ಯವನ್ನು ಕುರಿತು ವೈದ್ಯರು ತಮಗೆ ಸರಿಯಾಗಿ ತಿಳಿಸುವುದಿಲ್ಲವೆಂದು ಬೇಸತ್ತು, ತಾವೇ ವೈದ್ಯಕೀಯ ಗ್ರಂಥಗಳನ್ನು ಓದಿ ಟಿಪ್ಪಣಿ ಮಾಡತೊಡಗಿದರು. 1970ರಲ್ಲಿ ಅದು ಸಾಧಾರಣ ಕಾಗದದ ಮೇಲೆ ಅಚ್ಚಾದ 193 ಪುಟಗಳ ಪುಸ್ತಕವಾಯಿತು. ಬೆಲೆ 75 ಸೆಂಟ್, ಅಂದರೆ ಒಂದು ಡಾಲರಿಗೂ ಕಡಿಮೆ. ಮುಂದೆ 'ಅವರ್ ಬಾಡೀಸ್, ಅವರ್‌ಸೆಲ್ವ್ಸ್' ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಈ ಕೃತಿಯ ಲಕ್ಷಾಂತರ ಪ್ರತಿಗಳು ಜಾಹೀರಾತಿಲ್ಲದೆ, ಬಾಯಿಂದ ಬಾಯಿಗೆ ಹರಡಿದ ಸುದ್ದಿಯಿಂದಲೇ ಮಾರಾಟವಾದವು. ದೊಡ್ಡ ಪ್ರಕಾಶಕರು ಅದನ್ನು ಹೊರತಂದದ್ದು 1973ರಲ್ಲಿ. ಬೇಡಿಕೆ ಮೊದಲೇ ಇತ್ತು, ಪುಸ್ತಕವೂ ಇತ್ತು. ಎರಡನ್ನೂ ಜೋಡಿಸುವ ಜಾಗ ಮಾತ್ರ ಇರಲಿಲ್ಲ.

ಜಗುಲಿಯಿಂದ ಬೀದಿಗೆ

ಮಿನಿಯಾಪೊಲಿಸ್ ನಗರ ಮಿಸಿಸಿಪ್ಪಿ ನದಿಯ ದಡದಲ್ಲಿದೆ. ಗೋಧಿ ಹಿಟ್ಟಿನ ಗಿರಣಿಗಳಿಗೂ ಕಡುಚಳಿಗೂ ಹೆಸರಾದ ಊರು. ಚಳಿಗಾಲದಲ್ಲಿ ಉಷ್ಣತೆ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದೂ ಉಂಟು. ವಿಯೆಟ್ನಾಂ ಯುದ್ಧದ ವಿರುದ್ಧ ಚಳವಳಿ ನಡೆಯುತ್ತಿದ್ದ ಆ ದಿನಗಳಲ್ಲಿ ಅನೇಕ ತರುಣ ತರುಣಿಯರು ದೊಡ್ಡ ಮನೆಗಳಲ್ಲಿ ಒಟ್ಟಾಗಿ ವಾಸಿಸುತ್ತಿದ್ದರು. ಅಂಥದೊಂದು ಮನೆಯ ಮುಂದಿನ ಜಗುಲಿಯಲ್ಲಿ 1970ರಲ್ಲಿ ರೊಸಿನಾ ರಿಕ್ಟರ್ ಮತ್ತು ಜೂಲಿ ಮೋರ್ಸ್ ಎಂಬ ಇಬ್ಬರು ಯುವತಿಯರು ಪುಸ್ತಕ ಮಾರಲು ಆರಂಭಿಸಿದರು. ಕಟ್ಟಡದ ಬಾಡಿಗೆಯಾಗಲಿ ಸಂಬಳದ ನೌಕರರಾಗಲಿ ಇಲ್ಲದ, ಜಗುಲಿಯಷ್ಟೇ ದೊಡ್ಡದಾದ ಅಂಗಡಿ ಅದು.

ಅಂಗಡಿ ಬೆಳೆದಂತೆ ಜಗುಲಿ ಸಾಲದಾಯಿತು. ಸ್ಥಳದಿಂದ ಸ್ಥಳಕ್ಕೆ ಸಾಗುತ್ತ ಅದು ಬೀದಿಯ ಮೇಲಿನ ಅಂಗಡಿಯಾಯಿತು. 1980ರ ದಶಕದಲ್ಲಿ ನಗರದ ಮಧ್ಯಭಾಗಕ್ಕೆ ಹತ್ತಿರವಿರುವ ಲೋರಿಂಗ್ ಪಾರ್ಕ್ ಉದ್ಯಾನದ ಬಳಿ ನೆಲೆಗೊಂಡಿತು. ಸ್ಥಾಪಕರು ಮುಂದೆ ತಮ್ಮ ತಮ್ಮ ದಾರಿ ಹಿಡಿದರೂ ಅಂಗಡಿ ನಿಲ್ಲಲಿಲ್ಲ. ಕಾರಣ, ಅದು ಒಬ್ಬರ ಸೊತ್ತಾಗಿರದೆ ಸಹಕಾರಿ ಸಂಸ್ಥೆಯಾಗಿ ಬೆಳೆಯಿತು. ಅಲ್ಲಿ ಪುಸ್ತಕ ಜೋಡಿಸುವವರು, ಲೆಕ್ಕ ಬರೆಯುವವರು, ಗಿರಾಕಿಗಳಿಗೆ ಉತ್ತರ ಹೇಳುವವರು, ಎಲ್ಲರೂ ಮಾಲೀಕರೇ. 'ಅಮೆಜಾನ್ ಬುಕ್‌ಸ್ಟೋರ್ ಕೋಆಪರೇಟಿವ್' ಎಂಬ ಅದರ ಪೂರ್ಣ ಹೆಸರಿನಲ್ಲಿಯೇ ಈ ವ್ಯವಸ್ಥೆ ಅಡಗಿದೆ.

ಮಾರಾಟದ ಜೊತೆಗೆ ಅಲ್ಲಿ ಲೇಖಕಿಯರು ಬಂದು ಓದುತ್ತಿದ್ದರು. ಊರಿಗೆ ಹೊಸದಾಗಿ ಬಂದ ಸ್ತ್ರೀಯರು, ಮನೆಯಲ್ಲಿ ತಮ್ಮ ಮಾತು ಕೇಳುವವರಿಲ್ಲದವರು, ಸಮಾಜ ದೂರವಿಟ್ಟಿದ್ದ ಸಲಿಂಗಿ ಸ್ತ್ರೀಯರು ಅಳುಕಿಲ್ಲದೆ ಒಳಗೆ ಬರಬಹುದಾದ ಜಾಗವಾಗಿತ್ತು ಅದು. ವ್ಯಂಗ್ಯಚಿತ್ರಕಾರ್ತಿ ಆಲಿಸನ್ ಬೆಕ್ಡೆಲ್ 1980ರ ದಶಕದ ಕೊನೆಯಲ್ಲಿ ಆ ಊರಿನಲ್ಲಿ ವಾಸವಾಗಿದ್ದರು. ಅವರ ಪ್ರಸಿದ್ಧ ಚಿತ್ರಮಾಲಿಕೆಯಲ್ಲಿ ಬರುವ 'ಮ್ಯಾಡ್‌ವಿಮಿನ್ ಬುಕ್ಸ್' ಎಂಬ ಅಂಗಡಿಗೆ ಈ ಅಮೆಜಾನ್ ಅಂಗಡಿಯೇ ಪ್ರೇರಣೆ. ಚಲನಚಿತ್ರವೊಂದರಲ್ಲಿ ಕನಿಷ್ಠ ಇಬ್ಬರು ಸ್ತ್ರೀಯರಿದ್ದು, ಅವರು ಪರಸ್ಪರ ಮಾತಾಡಿ, ಆ ಮಾತು ಗಂಡಸೊಬ್ಬನನ್ನು ಬಿಟ್ಟು ಬೇರೆ ವಿಷಯವನ್ನು ಕುರಿತದ್ದಾಗಿದೆಯೇ ಎಂದು ನೋಡುವ 'ಬೆಕ್ಡೆಲ್ ಪರೀಕ್ಷೆ' ಇಂದು ಜಗತ್ಪ್ರಸಿದ್ಧ. ಅದು ಹುಟ್ಟಿದ್ದು ಇದೇ ಚಿತ್ರಮಾಲಿಕೆಯ 1985ರ ಒಂದು ಕಂತಿನಲ್ಲಿ. ನಾವು ನೋಡಿ ಮೆಚ್ಚಿದ ಎಷ್ಟು ಚಿತ್ರಗಳು ಇದರಲ್ಲಿ ಪಾಸಾಗುತ್ತವೆ ಎಂದು ಮನೆಯವರೆಲ್ಲ ಕೂತು ಲೆಕ್ಕ ಹಾಕಿ ನೋಡಬಹುದು!

ಕಪಾಟು ಜೋಡಿಸುವ ಕಲೆ

ಪುಸ್ತಕದಂಗಡಿಯ ಕಪಾಟಿನ ಮೇಲಿನ ಫಲಕಗಳನ್ನು ನಾವು ಹೆಚ್ಚು ಗಮನಿಸುವುದಿಲ್ಲ. ಕಾದಂಬರಿ, ಇತಿಹಾಸ, ವಿಜ್ಞಾನ ಎಂಬ ವಿಭಾಗಗಳು ತಾವಾಗಿಯೇ ಇದ್ದವೆಂಬಂತೆ ಒಪ್ಪಿಕೊಂಡಿರುತ್ತೇವೆ. ಆದರೆ ಯಾವ ಪುಸ್ತಕ ಯಾವುದರ ಪಕ್ಕದಲ್ಲಿ ಇರಬೇಕೆಂಬುದನ್ನು ಯಾರೋ ಒಬ್ಬರು ನಿರ್ಧರಿಸಿರುತ್ತಾರೆ. ಸ್ತ್ರೀವಾದಿ ಅಂಗಡಿಗಳು ಇಲ್ಲಿಯೇ ದೊಡ್ಡ ಬದಲಾವಣೆ ತಂದವು. ಸ್ತ್ರೀಯರ ಆರೋಗ್ಯ, ಸ್ತ್ರೀಯರ ಇತಿಹಾಸ, ಕಪ್ಪು ಲೇಖಕಿಯರ ಕೃತಿಗಳು, ಮನೆಯೊಳಗಿನ ಹಿಂಸೆ, ಹೆಣ್ಣುಮಕ್ಕಳು ಸಾಹಸ ಮಾಡುವ ಮಕ್ಕಳ ಕಥೆಗಳು ಎಂದು ಹೊಸ ವಿಭಾಗಗಳನ್ನೇ ಮಾಡಿದವು. ಬೇರೆ ಬೇರೆ ಮೂಲೆಗಳಲ್ಲಿ ಚದುರಿಹೋಗಿದ್ದ ಪುಸ್ತಕಗಳು ಒಂದೆಡೆ ಸೇರಿದಾಗ ಅದೊಂದು ದೊಡ್ಡ ಸಾಹಿತ್ಯರಾಶಿ ಎಂಬುದು ಕಣ್ಣಿಗೆ ಕಾಣಿಸಿತು.

1976ರಲ್ಲಿ ನೆಬ್ರಾಸ್ಕ ರಾಜ್ಯದ ಒಮಾಹಾ ನಗರದ ಬಳಿ ಒಂದು ಶಿಬಿರ ನಡೆಯಿತು. ಪುಸ್ತಕ ಬರೆಯುವ, ಮುದ್ರಿಸುವ, ಪ್ರಕಟಿಸುವ, ಮಾರುವ ಸ್ತ್ರೀಯರು ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಸೇರಿದ್ದರು. ಊರೂರಿನಲ್ಲಿ ಒಂಟಿಯಾಗಿ ಅಂಗಡಿ ನಡೆಸುತ್ತಿದ್ದವರಿಗೆ ಒಬ್ಬರನ್ನೊಬ್ಬರು ಕಂಡದ್ದೇ ಧೈರ್ಯ ತಂದಿತು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾರಲ್ ಸೀಜೇ ಅವರ ಸಂಪಾದಕತ್ವದಲ್ಲಿ ಈ ಅಂಗಡಿಗಳಿಗಾಗಿಯೇ ಒಂದು ಸುದ್ದಿಪತ್ರ ಆರಂಭವಾಯಿತು. ಯಾವ ಪುಸ್ತಕ ಹೊಸದಾಗಿ ಬಂದಿದೆ, ಯಾವುದರ ಪ್ರತಿ ಮುಗಿದಿದೆ, ಯಾವ ಪ್ರಕಾಶಕರಿಗೆ ಮರುಮುದ್ರಣಕ್ಕಾಗಿ ಪತ್ರ ಬರೆಯಬೇಕು ಎಂಬ ಮಾಹಿತಿ ಅದರಲ್ಲಿರುತ್ತಿತ್ತು. ಒಂದು ಅಂಗಡಿ ಪತ್ರ ಬರೆದರೆ ಪ್ರಕಾಶಕರು ಗಮನ ಕೊಡಲಿಕ್ಕಿಲ್ಲ. ಹತ್ತಾರು ಅಂಗಡಿಗಳು ಬರೆದರೆ ಕೊಡಲೇಬೇಕಲ್ಲ! 1990ರ ದಶಕದ ಮಧ್ಯಭಾಗದ ಹೊತ್ತಿಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಇಂಥ ಅಂಗಡಿಗಳ ಸಂಖ್ಯೆ ನೂರನ್ನು ದಾಟಿತ್ತು.

ಈ ಅಲೆ ಅಮೆರಿಕಕ್ಕಷ್ಟೇ ಸೀಮಿತವಾಗಿರಲಿಲ್ಲ. ಪ್ಯಾರಿಸ್‌ನಲ್ಲಿ 1974ರಲ್ಲಿ, ಇಟಲಿಯ ಮಿಲಾನ್‌ನಲ್ಲಿ 1975ರಲ್ಲಿ ಸ್ತ್ರೀಯರ ಪುಸ್ತಕದಂಗಡಿಗಳು ತೆರೆದವು. ದೆಹಲಿಯಲ್ಲಿ 1984ರಲ್ಲಿ ಊರ್ವಶಿ ಬುಟಾಲಿಯಾ ಮತ್ತು ರಿತು ಮೆನನ್ ಸೇರಿ 'ಕಾಳಿ ಫಾರ್ ವಿಮೆನ್' ಪ್ರಕಾಶನವನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿಯೂ 1980ರ ದಶಕದಲ್ಲಿ 'ವಿಮೋಚನಾ' ಸಂಘಟನೆಯವರು 'ಸ್ತ್ರೀಲೇಖ' ಎಂಬ ಪುಸ್ತಕದಂಗಡಿಯನ್ನು ನಡೆಸಿದರು. ಅಮೆಜಾನ್ ಅಂಗಡಿ ಹುಟ್ಟಿದ 1970ರಲ್ಲಿಯೇ ಆರಂಭವಾದ ಅಮೆರಿಕದ 'ಫೆಮಿನಿಸ್ಟ್ ಪ್ರೆಸ್' 1991 ಮತ್ತು 1993ರಲ್ಲಿ ಭಾರತೀಯ ಲೇಖಕಿಯರ ಎರಡು ಬೃಹತ್ ಸಂಪುಟಗಳನ್ನು ಪ್ರಕಟಿಸಿತು. ಸೂಸಿ ತಾರು ಮತ್ತು ಕೆ. ಲಲಿತಾ ಸಂಪಾದಿಸಿದ ಆ ಕೃತಿಯ ಮೊದಲ ಸಂಪುಟದಲ್ಲಿ ನಮ್ಮ ಅಕ್ಕಮಹಾದೇವಿ, ಸಂಚಿಯ ಹೊನ್ನಮ್ಮ, ನಂಜನಗೂಡು ತಿರುಮಲಾಂಬ ಇದ್ದಾರೆ. ಕನ್ನಡದ ಹೆಣ್ಣುಮಕ್ಕಳ ದನಿ ದೂರದ ದೇಶದ ಓದುಗರಿಗೆ ತಲುಪಿದ ದಾರಿಗಳಲ್ಲಿ ಇದೂ ಒಂದು.

ಆರು ಡಾಲರಿನ ಲೆಕ್ಕ

ಇಷ್ಟೆಲ್ಲ ಬೆಳೆದ ಅಂಗಡಿಗಳು ನಂತರ ಒಂದೊಂದಾಗಿ ಮುಚ್ಚಿದ್ದೇಕೆ? ಇದಕ್ಕೆ ಸ್ವಲ್ಪ ಗಣಿತ ಬೇಕು.

ಹತ್ತು ಡಾಲರ್ ಮುಖಬೆಲೆಯ ಒಂದು ಪುಸ್ತಕವಿದೆಯೆನ್ನಿ. ಪ್ರಕಾಶಕರು ಸಣ್ಣ ಅಂಗಡಿಗೆ ಸಾಮಾನ್ಯವಾಗಿ ಶೇ. 40ರಷ್ಟು ರಿಯಾಯಿತಿ ಕೊಡುತ್ತಾರೆ. ಅಂದರೆ ಅಂಗಡಿಗೆ ಅದು ಆರು ಡಾಲರಿಗೆ ಬೀಳುತ್ತದೆ. ಉಳಿದ ನಾಲ್ಕು ಡಾಲರಿನಲ್ಲಿ ಬಾಡಿಗೆ, ವಿದ್ಯುತ್, ಸಂಬಳ ಎಲ್ಲವೂ ನಡೆಯಬೇಕು. 1990ರ ದಶಕದಲ್ಲಿ ಬಾರ್ನ್ಸ್ ಅಂಡ್ ನೋಬಲ್, ಬಾರ್ಡರ್ಸ್ ಮೊದಲಾದ ಕಂಪನಿಗಳು ಊರೂರಿನಲ್ಲಿ ಭಾರೀ ಮಳಿಗೆಗಳನ್ನು ತೆರೆದವು. ಸಾವಿರಗಟ್ಟಲೆ ಪ್ರತಿಗಳನ್ನು ಒಮ್ಮೆಗೇ ಕೊಳ್ಳುವವರಿಗೆ ಚೌಕಾಸಿ ಮಾಡುವ ಬಲವೂ ಹೆಚ್ಚು. ಅವರು ಅದೇ ಪುಸ್ತಕವನ್ನು ಏಳು ಡಾಲರಿಗೆ ಮಾರಿದರೆ ಸಣ್ಣ ಅಂಗಡಿಯೂ ಏಳಕ್ಕೆ ಇಳಿಯಬೇಕು. ಆಗ ಉಳಿಯುವುದು ಒಂದೇ ಡಾಲರ್.

ಮುಂದೆ ಕಂಪ್ಯೂಟರ್ ಮೂಲಕ ಮಾರಾಟ ಬಂತು. 1999ರ ಮೇ ತಿಂಗಳಲ್ಲಿ ಅಮೆಜಾನ್ ಡಾಟ್ ಕಾಮ್ ಕಂಪನಿ 'ನ್ಯೂಯಾರ್ಕ್ ಟೈಮ್ಸ್' ಪಟ್ಟಿಯ ಜನಪ್ರಿಯ ಪುಸ್ತಕಗಳನ್ನು ಅರ್ಧ ಬೆಲೆಗೆ ಮಾರುವುದಾಗಿ ಸಾರಿತು. ಹತ್ತರ ಪುಸ್ತಕ ಐದಕ್ಕೆ! ಆರು ಡಾಲರ್ ಕೊಟ್ಟು ಕೊಂಡವರು ಐದಕ್ಕೆ ಮಾರಿದರೆ ಪ್ರತಿಯೊಂದು ಪುಸ್ತಕಕ್ಕೂ ಒಂದು ಡಾಲರ್ ಕೈಯಿಂದ ಹೋಗುತ್ತದೆ.

ಇನ್ನೊಂದು ಕಾರಣವೂ ಇದೆ, ಅದು ಸ್ವಲ್ಪ ವಿಚಿತ್ರ. ಸ್ತ್ರೀವಾದಿ ಅಂಗಡಿಗಳು ಇಪ್ಪತ್ತು ವರ್ಷ ಶ್ರಮಪಟ್ಟು ಓದುಗರನ್ನು ಬೆಳೆಸಿದ ಮೇಲೆ, ಆ ಪುಸ್ತಕಗಳು ಲಾಭ ತರುತ್ತವೆಂದು ದೊಡ್ಡ ಮಳಿಗೆಗಳಿಗೂ ತಿಳಿಯಿತು. ಅವರೂ ಒಂದು 'ಸ್ತ್ರೀ ಅಧ್ಯಯನ' ಕಪಾಟನ್ನು ಇಟ್ಟರು. ನೆಟ್ಟು ನೀರೆರೆದವರು ಒಬ್ಬರು, ಫಲ ಕಿತ್ತವರು ಇನ್ನೊಬ್ಬರು ಎಂಬಂತಾಯಿತು.

ಹೆಸರಿಗಾಗಿ ಹೋರಾಟ

ಜೆಫ್ ಬೆಜೋಸ್ ತಮ್ಮ ಕಂಪನಿಯನ್ನು ಸ್ಥಾಪಿಸಿದ್ದು 1994ರಲ್ಲಿ. ಮೊದಲು ಅವರು ಇಟ್ಟ ಹೆಸರು 'ಕೆಡಾಬ್ರಾ'. ಅದು ಕಿವಿಗೆ 'ಕೆಡಾವರ್', ಅಂದರೆ ಹೆಣ ಎಂಬಂತೆ ಕೇಳಿಸುತ್ತದೆಂದು ತಿಳಿದು ಬದಲಾಯಿಸಿ, ಜಗತ್ತಿನ ಅತಿ ದೊಡ್ಡ ನದಿಯ ಹೆಸರನ್ನು ಆರಿಸಿದರು. 1995ರ ಜುಲೈನಲ್ಲಿ ಮಾರಾಟ ಆರಂಭವಾಯಿತು. ಮಾರುತ್ತಿದ್ದುದು ಪುಸ್ತಕಗಳನ್ನೇ.

ಮಿನಿಯಾಪೊಲಿಸ್ ಅಂಗಡಿಗೆ ತೊಂದರೆ ಶುರುವಾಯಿತು. ಕಂಪನಿಗೆ ಮಾಡಬೇಕಾದ ದೂರವಾಣಿ ಕರೆಗಳು ಅಂಗಡಿಗೆ ಬರತೊಡಗಿದವು. ತಲುಪದ ಪುಸ್ತಕಗಳ ಬಗ್ಗೆ ದೂರು ಹೇಳುವವರಿಗೆ, 'ಅದು ನಾವಲ್ಲ' ಎಂದು ಹೇಳುವುದೇ ಒಂದು ಕೆಲಸವಾಯಿತು. ಕೊನೆಗೆ 1999ರ ಏಪ್ರಿಲ್‌ನಲ್ಲಿ ಅಂಗಡಿಯ ಸ್ತ್ರೀಯರು ಮೊಕದ್ದಮೆ ಹೂಡಿದರು.

ವ್ಯಾಪಾರದ ಹೆಸರಿನ ಮೇಲೆ ಹಕ್ಕು ಬರುವುದು ಹೇಗೆ? ಅಮೆರಿಕದ ಕಾನೂನಿನಂತೆ ನೋಂದಣಿಯಿಂದ ಮಾತ್ರವಲ್ಲ, ದೀರ್ಘಕಾಲದ ಬಳಕೆಯಿಂದಲೂ ಹಕ್ಕು ಹುಟ್ಟುತ್ತದೆ. 29 ವರ್ಷ ಆ ಹೆಸರಿನಲ್ಲಿ ಪುಸ್ತಕ ಮಾರಿದ ಅಂಗಡಿಗೆ ಅಂಥ ಹಕ್ಕಿತ್ತು. ಆದರೆ ಬಳಕೆಯಿಂದ ಬಂದ ಹಕ್ಕು ಸಾಮಾನ್ಯವಾಗಿ ಆ ವ್ಯಾಪಾರ ನಡೆಯುವ ಪ್ರದೇಶಕ್ಕೆ ಸೀಮಿತ. ಅಂತರಜಾಲದ ಅಂಗಡಿಗೆ ಪ್ರದೇಶವೆಂಬುದೇ ಇಲ್ಲ. ಹಳೆಯ ಕಾನೂನಿಗೆ ಇದು ಹೊಸ ಸಮಸ್ಯೆ.

ವಿಚಾರಣೆಗೆ ಮೊದಲು ಹೇಳಿಕೆಗಳನ್ನು ಪಡೆಯುವಾಗ ಕಂಪನಿಯ ವಕೀಲರು ಅಂಗಡಿಯ ಸ್ತ್ರೀಯರನ್ನು, ಅವರು ಸಲಿಂಗಿಗಳೇ ಎಂದು ಪ್ರಶ್ನಿಸಿದರು. ಅದು ಬೇರೆಯೇ ಬಗೆಯ ಗಿರಾಕಿಗಳ ಅಂಗಡಿ, ಆದ್ದರಿಂದ ಗೊಂದಲಕ್ಕೆ ಆಸ್ಪದವಿಲ್ಲ ಎಂದು ತೋರಿಸುವುದು ಅವರ ಉದ್ದೇಶ. ಪುಸ್ತಕದಂಗಡಿಯ ಹೆಸರಿಗೂ ಅಲ್ಲಿ ಕೆಲಸ ಮಾಡುವವರ ಖಾಸಗಿ ಬದುಕಿಗೂ ಏನು ಸಂಬಂಧ ಎಂದು ಅನೇಕರು ಟೀಕಿಸಿದರು.

ಅದೇ ವರ್ಷದ ನವೆಂಬರ್‌ನಲ್ಲಿ ರಾಜಿಯಾಯಿತು. ಅಂಗಡಿಯವರು ಹೆಸರಿನ ಮೇಲಿನ ತಮ್ಮ ಹಕ್ಕನ್ನು ಕಂಪನಿಗೆ ಬಿಟ್ಟುಕೊಟ್ಟರು. ಕಂಪನಿ ಅವರಿಗೆ, 'ಅಮೆಜಾನ್ ಬುಕ್‌ಸ್ಟೋರ್ ಕೋಆಪರೇಟಿವ್' ಎಂಬ ಪೂರ್ಣ ರೂಪದಲ್ಲಿ ಹೆಸರನ್ನು ಬಳಸಲು ಅನುಮತಿ ನೀಡಿತು. ಹಣಕಾಸಿನ ಷರತ್ತುಗಳನ್ನು ಬಹಿರಂಗಪಡಿಸಲಿಲ್ಲ. ಸರಳವಾಗಿ ಹೇಳುವುದಾದರೆ, ತಾವೇ ಕಟ್ಟಿದ ಮನೆಯಲ್ಲಿ ಇನ್ನೊಬ್ಬರ ಒಪ್ಪಿಗೆಯಿಂದ ವಾಸಿಸುವ ಸ್ಥಿತಿ ಅದು. ಸೋಲೆಂದು ಕೆಲವರು ಬೇಸರಪಟ್ಟರು. ಆದರೆ ಸಣ್ಣ ಅಂಗಡಿಯೊಂದು ವರ್ಷಗಟ್ಟಲೆ ವಕೀಲರ ಶುಲ್ಕ ಕೊಡುತ್ತ ಹೋರಾಡುವುದು ಎಷ್ಟು ಕಷ್ಟ ಎಂಬುದನ್ನೂ ನೆನೆಯಬೇಕು.

ಮುಚ್ಚಿದ ಬಾಗಿಲು, ಉಳಿದ ಪುಸ್ತಕ

ನಂತರ ಅಂಗಡಿ ನಗರದ ದಕ್ಷಿಣ ಭಾಗದ ಷಿಕಾಗೊ ಅವೆನ್ಯೂಗೆ ಸ್ಥಳಾಂತರಗೊಂಡಿತು. 2008ರಲ್ಲಿ ಮುಚ್ಚುವ ಸ್ಥಿತಿ ಬಂದಾಗ ಒಬ್ಬ ಮಹಿಳೆ ಅದನ್ನು ಕೊಂಡು 'ಟ್ರೂ ಕಲರ್ಸ್' ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. 2012ರ ಫೆಬ್ರವರಿಯಲ್ಲಿ ಅದೂ ಬಾಗಿಲು ಹಾಕಿತು. ಬೆಕ್ಡೆಲ್ ಅವರ ಚಿತ್ರಮಾಲಿಕೆಯ ಕಾಲ್ಪನಿಕ ಅಂಗಡಿ ಅದಕ್ಕಿಂತ ಮೊದಲೇ ಮುಚ್ಚಿತ್ತು. ಕ್ಯಾರಲ್ ಸೀಜೇ ಅವರ ಸುದ್ದಿಪತ್ರ 2000ದಲ್ಲಿಯೇ ನಿಂತುಹೋಗಿತ್ತು. ಸಣ್ಣವರನ್ನು ಹಿಂದಿಕ್ಕಿದ ಬಾರ್ಡರ್ಸ್ ಕಂಪನಿಯೂ 2011ರಲ್ಲಿ ದಿವಾಳಿಯಾಗಿ ತನ್ನ ಮಳಿಗೆಗಳನ್ನೆಲ್ಲ ಮುಚ್ಚಿತು.

ಎಲ್ಲ ಅಂಗಡಿಗಳೂ ಅಳಿಯಲಿಲ್ಲ. ಅಟ್ಲಾಂಟಾದಲ್ಲಿ 1974ರಲ್ಲಿ ಆರಂಭವಾದ 'ಕ್ಯಾರಿಸ್' 2019ರಲ್ಲಿ ಸಮೀಪದ ಡಿಕೇಟರ್ ಊರಿನ ಕಾಲೇಜೊಂದರ ಪಕ್ಕಕ್ಕೆ ಬಂದು ನೆಲೆಸಿತು. ಷಿಕಾಗೊದಲ್ಲಿ 1979ರಲ್ಲಿ ತೆರೆದ 'ವಿಮೆನ್ ಅಂಡ್ ಚಿಲ್ಡ್ರನ್ ಫಸ್ಟ್' ತನ್ನ ನಾಲ್ಕು ದಶಕಗಳನ್ನು ಪೂರೈಸಿತು. ಮಕ್ಕಳ ಕಥೆ ಹೇಳುವ ಗಂಟೆ, ಓದುಗರ ಕೂಟ, ಲೇಖಕರ ಭೇಟಿ ಇವೇ ಇವುಗಳ ಬಲ. ಬೆಲೆಯಲ್ಲಿ ಗೆಲ್ಲಲಾಗದವರು ಬಾಂಧವ್ಯದಲ್ಲಿ ಗೆದ್ದರು.

ಹಾಗಾದರೆ ಜಗುಲಿಯಲ್ಲಿ ಹುಟ್ಟಿದ ಅಮೆಜಾನ್ ಸಾಧಿಸಿದ್ದೇನು? ಉತ್ತರವನ್ನು ಪುಸ್ತಕಗಳಲ್ಲೇ ಹುಡುಕಬೇಕು. ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ 'ದಿ ಯೆಲ್ಲೋ ವಾಲ್‌ಪೇಪರ್' ಕಥೆಯನ್ನು ಜನ ಬಹುಪಾಲು ಮರೆತಿದ್ದಾಗ, 1973ರಲ್ಲಿ ಫೆಮಿನಿಸ್ಟ್ ಪ್ರೆಸ್ ಅದನ್ನು ಮತ್ತೆ ಅಚ್ಚು ಹಾಕಿತು. ಕಪ್ಪು ಲೇಖಕಿ ಜೋರಾ ನೀಲ್ ಹರ್ಸ್ಟನ್ 1960ರಲ್ಲಿ ಬಡತನದಲ್ಲಿ ತೀರಿಕೊಂಡಾಗ ಅವರ ಹೆಸರು ಕೇಳಿದವರೇ ಕಡಿಮೆ. ಅವರ 1937ರ ಕಾದಂಬರಿ 'ದೇರ್ ಐಸ್ ವರ್ ವಾಚಿಂಗ್ ಗಾಡ್' 1978ರಲ್ಲಿ ಮರುಮುದ್ರಣವಾಯಿತು. ಇಂದು ಈ ಎರಡೂ ಕೃತಿಗಳು ಜಗತ್ತಿನ ಅನೇಕ ಕಡೆ ವಿದ್ಯಾರ್ಥಿಗಳ ಪಠ್ಯದಲ್ಲಿವೆ. ಪ್ರಕಾಶಕರು ಅಚ್ಚು ಹಾಕಿದರಷ್ಟೇ ಸಾಲದು; ಅದನ್ನು ತರಿಸಿ, ಎದುರಿಗಿಟ್ಟು, ಇದನ್ನು ಓದಿ ನೋಡಿ ಎಂದು ಹೇಳುವ ಅಂಗಡಿಯೂ ಬೇಕು.

ಹೆಸರು ಈಗ ಕಂಪನಿಯದು. ಗ್ರಂಥಾಲಯಗಳಲ್ಲಿ, ತರಗತಿಗಳಲ್ಲಿ ಇರುವ ಆ ಪುಸ್ತಕಗಳು ಓದುವವರೆಲ್ಲರದು. ಮುಂದಿನ ಸಲ ಶಾಲೆಯ ಗ್ರಂಥಾಲಯಕ್ಕೆ ಹೋದಾಗ ಅಲ್ಲಿ ಯಾರ ಪುಸ್ತಕಗಳಿವೆ, ಯಾರವು ಇಲ್ಲ ಎಂದು ಒಮ್ಮೆ ಕಪಾಟಿನ ಮೇಲೆ ಕಣ್ಣಾಡಿಸಿ. ಮಿನಿಯಾಪೊಲಿಸ್‌ನ ಆ ಇಬ್ಬರು ಯುವತಿಯರು ಆರಂಭಿಸಿದ್ದೂ ಅಷ್ಟರಿಂದಲೇ.